ಬೂಷ್ಟು ಹಿಡಿದ ಕಣ್ಣು

ಕಡಲತೀರದ ಊರು ಕರ್ಕಿಯ ಮಳೆಗಾಲಕ್ಕೆ ಭೇದಭಾವವಿಲ್ಲ. ಚಪ್ಪಲಿಗೆ ಬಂದ ಬೂಷ್ಟು ಮದುವೆಯ ಆಲ್ಬಮ್ಮಿಗೂ ಬರುತ್ತದೆ, ಕಪಾಟಿನಲ್ಲಿ ಬೆಚ್ಚಗೆ ಕೂತ ಹಳೇ ಕ್ಯಾಮೆರಾಕ್ಕೂ ಬರುತ್ತದೆ. ಲೆನ್ಸಿನ ಹಿಂದೆ ಟಾರ್ಚು ಹಿಡಿದು ನೋಡಿ: ಅಂಚಿನಲ್ಲಿ ಹುಟ್ಟಿದ ಬಿಳಿ ಎಳೆಗಳು ಕವಲೊಡೆಯುತ್ತ ನಡುವಿಗೆ ನಡೆದಿರುತ್ತವೆ. ನೋಡಲು ಚಂದವೇ, ಬೇರೆಯವರ ಕ್ಯಾಮೆರಾದಲ್ಲಿ!

ಇನ್ನು ಇದನ್ನು ಯಾವುದರಿಂದ ಒರೆಸುವುದು? ಹಾಸ್ಯಗಾರರ ಮನೆತನದಿಂದ ಹೆಸರಾದ ಈ ಯಕ್ಷಗಾನದ ಊರಿನಲ್ಲಿ ಉತ್ತರ ಚೌಕಿಯಲ್ಲೇ, ಅಂದರೆ ವೇಷಧಾರಿಗಳು ಬಣ್ಣ ಹಚ್ಚುವ ಕೋಣೆಯಲ್ಲೇ ಇದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದ ಬಣ್ಣ ಬರೀ ನೀರಿಗೆ ಬಗ್ಗುವುದಿಲ್ಲ. ವೇಷಧಾರಿ ಅದನ್ನು ಕೊಬ್ಬರಿ ಎಣ್ಣೆ ಸವರಿಯೇ ತೆಗೆಯುತ್ತಾನೆ. ಲೆನ್ಸಿನದೂ ಇದೇ ನ್ಯಾಯ. ಉಪ್ಪುಗಾಳಿ ಬಿಟ್ಟ ಕಲೆಗೆ ಭಟ್ಟಿ ಇಳಿಸಿದ ನೀರು ಸಾಕು, ಸ್ಪಿರಿಟ್ಟಿಗೆ ಉಪ್ಪು ಕರಗದು. ಬೆರಳಿನ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಬೆಳಕಿನ ದ್ವಾರದ (ಅಪರ್ಚರ್) ಅಲಗುಗಳಿಗೆ ಇಳಿದ ಗ್ರೀಸಿಗೆ ಲೈಟರಿಗೆ ಹಾಕುವ ನ್ಯಾಫ್ತಾ. ಬೂಷ್ಟಿಗೆ, ಔಷಧಿ ಅಂಗಡಿಯ ಶೇ 6ರ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ಭಟ್ಟಿ ನೀರು ಬೆರೆಸಿದ್ದು. ದ್ರವ ಬಟ್ಟೆಗೆ ತಾಗಬೇಕೇ ಹೊರತು ಗಾಜಿನ ಮೇಲೆ ಸುರಿಯಬಾರದು. ಅಂಚಿನ ಸಂದಿಯಿಂದ ಒಳಗಿಳಿದ ಹನಿಯನ್ನು ಹೊರಗೆ ಕರೆಯುವುದು ಕಷ್ಟ. ಒರೆಸುವುದಕ್ಕೂ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಮರಳ ಕಣ ಹಾರಿಸಿಕೊಳ್ಳಿ. ಕಡಲತೀರದ ಊರಲ್ಲಿ ಗಾಜು ಗೀರುವುದು ಹೆಚ್ಚಾಗಿ ಮರಳೇ.

ಅಸಿಟೋನ್ ಮೇಲೆ ನನಗೆ ನಂಬಿಕೆಯಿಲ್ಲ. ಜಿಡ್ಡು ತೆಗೆಯುವುದರಲ್ಲಿ ಶೂರ, ನಿಜ. ಆದರೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಉಂಗುರದ ಮೇಲಿನ ಅಂಕಿಗಳ ಬಣ್ಣವನ್ನೂ ಒರೆಸಿಕೊಂಡು ಹೋಗುತ್ತದೆ. ಜುಲೈ ತಿಂಗಳಲ್ಲಂತೂ ಇನ್ನೊಂದು ರಗಳೆ: ಅದು ಹಾರುವ ವೇಗಕ್ಕೆ ಗಾಜು ತಣ್ಣಗಾಗಿ, ನಮ್ಮ ಹಸಿ ಗಾಳಿಯ ನೀರು ಅದರ ಮೇಲೆಯೇ ಮಂಜಾಗಿ ಕೂರುತ್ತದೆ. ತೀರಾ ಹಳೆಯ ಲೆನ್ಸಾದರೆ ಮತ್ತೂ ಎಚ್ಚರ. ಅದರೊಳಗೆ ಎರಡು ಗಾಜುಗಳನ್ನು ಕೂಡಿಸಿದ್ದು ಕೆನಡಾ ಬಾಲ್ಸಮ್ ಎಂಬ ಮರದ ಅಂಟು. ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಾಗಿಸುವುದರಿಂದ ಅದು ಕಣ್ಣಿಗೆ ಕಾಣದು. ಕಾಣದೆಂದು ಇಲ್ಲವೆಂದುಕೊಂಡು ಸ್ಪಿರಿಟ್ಟಿನಲ್ಲೋ ಝೈಲೀನಿನಲ್ಲೋ ಅದ್ದಿಟ್ಟರೆ ಅಂಟು ಮೆತ್ತಗಾಗಿ ಜೋಡಿ ಕಳಚಬಹುದು.

ಬೂಷ್ಟು ಉಗುಳಿದ ಆಮ್ಲ ಗಾಜಿನ ಲೇಪವನ್ನು ತಿಂದಿದ್ದರೆ ಯಾವ ಸೀಸೆಯೂ ಅದನ್ನು ಮರಳಿ ತರಲಾರದು. ಕಲೆ ಹಾಗೇ ಇರಲಿ, ಉಜ್ಜಬೇಡಿ. ಸಣ್ಣ ಕಲೆ ಚಿತ್ರದಲ್ಲಿ ಕಾಣುವುದೇ ಅಪರೂಪ. ನಿಮ್ಮ ಮನೆಯಲ್ಲೂ ಇಂಥದೊಂದು ಕ್ಯಾಮೆರಾ ಇದ್ದರೆ, ಜೂನ್ ಬರುವ ಮೊದಲು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ತೇವ ಹಿಡಿದಿಡುವುದು ಆ ಚೀಲವೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟುಬಿಡಿ.