ಹಗುರ ಕಾರಿಗೆ ತಕ್ಕ ಗಾಲಿ

ಪಿರಿಯಾಪಟ್ಟಣ ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ನಾಲ್ಕು ಕಾಸು ಬಂದಿತೆಂದರೆ ಹಿಂದಿನವರು ಮನೆಗೆ ಹೆಂಚು ಹೊದಿಸುತ್ತಿದ್ದರು, ಒಂದು ಜೊತೆ ಎತ್ತು ಕೊಳ್ಳುತ್ತಿದ್ದರು. ಈಗ ಆ ಹಣದ ಒಂದು ಪಾಲು ಮೈಸೂರಿನ ಗಾಲಿ ಅಂಗಡಿಗಳನ್ನು ಸೇರುತ್ತಿದೆ ಎಂದರೆ ವಾಚಕ ಬಂಧುಗಳು ನಗಬಹುದು. ನಮ್ಮ ಬಂಧುವರ್ಗದಲ್ಲಿ ಮಾತ್ರ ಇದು ನಗುವ ಸಂಗತಿಯಾಗಿ ಉಳಿಯಲಿಲ್ಲ. ಕಾರು ತಯಾರಿಸಿದವರು ಕೊಟ್ಟ ಉಕ್ಕಿನ ಗಾಲಿಗಳನ್ನು ಕಳಚಿ, ಥಳಥಳಿಸುವ ಅಲಾಯ್ ಗಾಲಿಗಳನ್ನು ತೊಡಿಸಬೇಕೆಂಬ ಒಂದೇ ಹಂಬಲದಿಂದ ನಮ್ಮ ತಂಗಿಯ ಮನೆಯಲ್ಲಿ ತಂದೆ ಮಗ ಒಂದು ತಿಂಗಳು ಮಾತು ಬಿಟ್ಟಿದ್ದರು.

ಮಠದ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಓದಿದ ನಮಗೆ ಚಕ್ರವೆಂದರೆ ಗಡಿಗೆಗೆ ನಿಮಿತ್ತಕಾರಣವಾದ ಕುಂಬಾರನ ಚಕ್ರವಷ್ಟೆ. ಆದರೂ ಪಂಚಾಯಿತಿ ನಮ್ಮ ಪಾಲಿಗೆ ಬಂದಿತು. "ಮಾವ, ದುಡಿದದ್ದು ನಾನು, ಗಾಲಿ ಬದಲಾಯಿಸುವ ಹಕ್ಕು ನನಗಿಲ್ಲವೇ?" ಎಂಬುದು ಸೋದರಳಿಯನ ವಾದ. "ಕಂಪನಿಯವರು ಕೊಟ್ಟದ್ದನ್ನು ಮುಟ್ಟಿದರೆ ಆ ಕಾರಿಗೆ ನಾನು ಹತ್ತುವವನಲ್ಲ" ಎಂಬುದು ಭಾವನವರ ಹಟ. ಇಬ್ಬರ ನಡುವೆ ಆರು ತಿಂಗಳ ಬಸುರಿ ಸೊಸೆ. ಆಕೆಯನ್ನು ತಿಂಗಳಿಗೊಮ್ಮೆ ೭೦ ಕಿಲೋಮೀಟರು ದೂರದ ಮೈಸೂರಿಗೆ ಕರೆದೊಯ್ಯಬೇಕಾದದ್ದು ಇದೇ ಕಾರಿನಲ್ಲಿ. ಆದ್ದರಿಂದ ಇದು ಹಕ್ಕಿನ ಪ್ರಶ್ನೆಯೂ ಅಲ್ಲ, ಹಟದ ಪ್ರಶ್ನೆಯೂ ಅಲ್ಲ, ಪ್ರಮಾಣದ ಪ್ರಶ್ನೆ ಎಂದು ನಮಗೆ ತೋರಿತು. ಇಲ್ಲಿ ಪ್ರಮಾಣವೆಂದರೆ ಅಳತೆ ಎಂದೂ ಆಗುತ್ತದೆ.

ಹುಡುಗನ ಮನಸ್ಸಿನಲ್ಲಿದ್ದುದು ಜಪಾನಿನ ಮಾಜ್ದಾ ಕಂಪನಿಯ ಮಿಯಾಟಾ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರು. ೧೯೮೯ರಲ್ಲಿ ಹೊರಬಂದ ಈ ಕಾರು ೨೦೧೬ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಅದರ ಕೀರ್ತಿಗೆ ಕಾರಣ ದೊಡ್ಡ ಯಂತ್ರವಲ್ಲ, ಕಡಿಮೆ ತೂಕ. ನಮ್ಮ ದೇಶದಲ್ಲಿ ಅದರ ಮಾರಾಟವಿಲ್ಲ. ಇದ್ದಿದ್ದರೂ ಬಸುರಿ, ಅತ್ತೆ, ಮಾವ, ಮೂಟೆ ಎಲ್ಲಕ್ಕೂ ಅದರಲ್ಲಿ ಎಡೆಯಿಲ್ಲ. ಹೀಗಾಗಿ ಅವನು ಮಾರುತಿ ಸ್ವಿಫ್ಟ್ ಕೊಂಡ, ೨೦೧೮ರಲ್ಲಿ ಬಂದ ಮಾದರಿ. ತೂಕದಲ್ಲಿ ಅದೂ ೯೦೦ ಕಿಲೋದೊಳಗಿನ ಹಗುರ ಕಾರೇ. ಒಂದು ಸ್ವಾರಸ್ಯವನ್ನು ಅವನೇ ತಿಳಿಸಿದ: ಮೊದಲ ಮಿಯಾಟಾಕ್ಕೂ ಈ ಸ್ವಿಫ್ಟಿಗೂ ಗಾಲಿ ಕೂರುವ ಅಳತೆ ಒಂದೇ. ನಾಲ್ಕು ನಟ್ಟು, ಅವು ನಿಂತ ವೃತ್ತದ ವ್ಯಾಸ ೧೦೦ ಮಿಲಿಮೀಟರು, ನಡುವಿನ ರಂಧ್ರ ೫೪.೧ ಮಿಲಿಮೀಟರು. ಅವನು ಮರೆತದ್ದು ಇನ್ನೊಂದು ಸಂಗತಿ. ಆ ಮೊದಲ ಮಿಯಾಟಾದ ಗಾಲಿ ೧೪ ಇಂಚಿನದು. ಇವನು ಕಣ್ಣಿಟ್ಟದ್ದು ೧೭ ಇಂಚಿನ ಗಾಲಿಯ ಮೇಲೆ.

ನಾವು ಅವನಿಗೆ ಒಂದು ಲೆಕ್ಕ ಒಪ್ಪಿಸಿದೆವು. ಟೈರಿನ ಪಕ್ಕದಲ್ಲಿ ೧೬೫/೮೦ ಆರ್ ೧೪ ಎಂದು ಬರೆದಿದ್ದರೆ, ಟೈರಿನ ಅಗಲ ೧೬೫ ಮಿಲಿಮೀಟರು, ಅದರ ಗೋಡೆಯ ಎತ್ತರ ಅಗಲದ ಶೇಕಡಾ ೮೦, ಗಾಲಿ ೧೪ ಇಂಚಿನದು ಎಂದರ್ಥ. ಗೋಡೆಯ ಎತ್ತರ ೧೩೨ ಮಿಲಿಮೀಟರು ಬಂತು; ಒಟ್ಟು ಎತ್ತರ ಸುಮಾರು ೬೨೦. ಅದೇ ಸ್ವಿಫ್ಟಿನ ಹೆಚ್ಚಿನ ಬೆಲೆಯ ಮಾದರಿಗೆ ಕಂಪನಿಯವರೇ ತೊಡಿಸುವ ೧೮೫/೬೫ ಆರ್ ೧೫ಕ್ಕೆ ಗೋಡೆ ೧೨೦, ಒಟ್ಟು ಎತ್ತರ ೬೨೧ಕ್ಕೆ ತುಸು ಮೇಲೆ. ಅಂಗಡಿಯವರು ತೋರಿಸಿದ ೨೦೫/೪೫ ಆರ್ ೧೭ಕ್ಕೆ ಒಟ್ಟು ಎತ್ತರ ೬೧೬. ಮೂರರಲ್ಲೂ ಎತ್ತರ ಹೆಚ್ಚುಕಡಿಮೆ ಒಂದೇ; ಮೀಟರು ತೋರುವ ವೇಗವೂ ಕೆಡುವುದಿಲ್ಲ. ಹಾಗಾದರೆ ಬದಲಾದುದೇನು? ಲೋಹ ಹೆಚ್ಚಿತು, ರಬ್ಬರು ಕಡಿಮೆಯಾಯಿತು. ೧೭ ಇಂಚಿನ ಗಾಲಿಯ ಸುತ್ತ ಉಳಿದ ಗೋಡೆ ಬರೀ ೯೨ ಮಿಲಿಮೀಟರು. ಕಂಪನಿಯ ಗಾಲಿಗಿಂತ ೪೦ ಮಿಲಿಮೀಟರು ಗಾಳಿಯ ಮೆತ್ತೆ ಮಾಯವಾಯಿತು.

ಮೈಸೂರು ಮಡಿಕೇರಿಯ ಹೆದ್ದಾರಿಯಲ್ಲಿ ಇದು ಅಷ್ಟಾಗಿ ಬಾಧಿಸದೆ ಇರಬಹುದು. ಆದರೆ ಹೆದ್ದಾರಿಯಲ್ಲಿ ಯಾರ ಮನೆಯೂ ಇಲ್ಲ. ಬೆಟ್ಟದಪುರದ ಕಡೆಗೋ ರಾವಂದೂರಿನ ಕಡೆಗೋ ತಿರುಗಿ, ಊರೂರಿಗೆ ಎದುರಾಗುವ ಹಂಪುಗಳನ್ನೂ ಮಳೆಗಾಲದಲ್ಲಿ ನೀರು ತುಂಬಿ ಆಳ ತಿಳಿಯದ ಗುಂಡಿಗಳನ್ನೂ ದಾಟಿಯೇ ಮನೆ ಸೇರಬೇಕು. ಮೂರಿಂಚು ಆಳದ ಗುಂಡಿಯ ಅಂಚಿಗೆ ಗಾಲಿ ಬಡಿದಾಗ, ಆ ಪೆಟ್ಟನ್ನು ನುಂಗಿಕೊಳ್ಳಬೇಕಾದದ್ದು ಆ ಗೋಡೆಯೇ. ಗೋಡೆ ಸಾಲದಿದ್ದರೆ ಪೆಟ್ಟು ಲೋಹಕ್ಕೆ ತಾಗುತ್ತದೆ. ಉಕ್ಕಿನ ಗಾಲಿ ಸೊಟ್ಟಗಾಗುತ್ತದೆ, ಸಣ್ಣ ಸೊಟ್ಟವನ್ನು ಬಡಿದು ನೆಟ್ಟಗೆ ಮಾಡುವವರು ನಮ್ಮ ಪೇಟೆಯಲ್ಲೇ ಇದ್ದಾರೆ. ಎರಕದ ಅಲ್ಯೂಮಿನಿಯಂ ಗಾಲಿ ಬಿರುಕು ಬಿಡುತ್ತದೆ. ಆ ಬಿರುಕು ಒಳಮೈಯಲ್ಲಿದ್ದರೆ ತೊಳೆಯುವವನ ಕಣ್ಣಿಗೂ ಬೀಳುವುದಿಲ್ಲ.

"ಅಲಾಯ್ ಎಂದರೆ ಹಗುರ ಅಲ್ಲವೇ ಮಾವ?" ಎಂದು ಅವನು ಕೇಳಿದ. ಅಲ್ಯೂಮಿನಿಯಂ ಹಗುರ, ನಿಜ. ಆದರೆ ಅಲ್ಯೂಮಿನಿಯಮ್ಮಿನಿಂದ ಮಾಡಿದ ಗಾಲಿಯೆಲ್ಲ ಹಗುರ ಎಂಬುದು ವ್ಯಾಪ್ತಿ ಕೆಟ್ಟ ಅನುಮಾನ. ನಾವು ಮನೆಯ ತೂಗುತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಅವನೊಡನೆ ಅಂಗಡಿಗೆ ಹೋದೆವು. ಅಂಗಡಿಯ ಹುಡುಗರು ನಮ್ಮ ಪಂಚೆಯನ್ನೂ ತಕ್ಕಡಿಯನ್ನೂ ಮಿಕಮಿಕ ನೋಡಿದರು, ಇರಲಿ. ಟೈರಿಲ್ಲದ ೧೪ ಇಂಚಿನ ಉಕ್ಕಿನ ಗಾಲಿ ಆರೂವರೆ ಕಿಲೋ ತೂಗಿತು. ಅವನು ಮೆಚ್ಚಿದ ೧೭ ಇಂಚಿನ ಎರಕದ ಗಾಲಿ ಹತ್ತು ಕಿಲೋ ಸಮೀಪಿಸಿತು. ಆಗ ಅವನ ಮುಖ ಸಣ್ಣಗಾದದ್ದನ್ನು ಕಂಡು ನಮಗೆ ಕನಿಕರವೇ ಆಯಿತು.

ಗಾಲಿಯ ತೂಕಕ್ಕೆ ಇಷ್ಟು ಮಹತ್ತ್ವವೇಕೆ ಎಂದು ವಾಚಕರು ಕೇಳಬಹುದು. ಕಾರಿನಲ್ಲಿ ಭಾರ ಎರಡು ಬಗೆ: ಸ್ಪ್ರಿಂಗಿನ ಮೇಲಿರುವುದು, ಸ್ಪ್ರಿಂಗಿನ ಕೆಳಗಿರುವುದು. ಮೇಲಿನ ಭಾರವನ್ನು ಸ್ಪ್ರಿಂಗು ತೂಗಿಕೊಂಡು ಹೋಗುತ್ತದೆ. ಕೆಳಗಿನ ಭಾರಕ್ಕೆ ಟೈರಿನ ಗಾಳಿಯ ಹೊರತು ಬೇರೆ ಮೆತ್ತೆಯಿಲ್ಲ. ಉಬ್ಬಿಗೆ ತಾಗಿ ಮೇಲೆದ್ದ ಭಾರದ ಗಾಲಿ ನೆಲಕ್ಕೆ ಮರಳಲು ತಡಮಾಡುತ್ತದೆ. ನೆಲ ಬಿಟ್ಟ ಆ ಕ್ಷಣದಲ್ಲಿ ಬ್ರೇಕು ಒತ್ತಿದರೂ ಹಿಡಿತವಿಲ್ಲ, ತಿರುಗಿಸಿದರೂ ತಿರುಗುವುದಿಲ್ಲ. ಇಷ್ಟೇ ಅಲ್ಲ. ಕಾರಿನೊಳಗಿನ ಮೂಟೆಯನ್ನು ಮುಂದಕ್ಕೆ ಎಳೆದರೆ ಸಾಕು; ಗಾಲಿಯನ್ನು ಮುಂದಕ್ಕೂ ಎಳೆಯಬೇಕು, ತಿರುಗಿಸಲೂ ಬೇಕು. ಅಂಚಿನಲ್ಲಿ ಸೇರಿದ ಒಂದು ಕಿಲೋ, ವೇಗ ಹಿಡಿಯುವಾಗ ಹೆಚ್ಚುಕಡಿಮೆ ಎರಡು ಕಿಲೋಗಳಷ್ಟು ಶ್ರಮ ಕೊಡುತ್ತದೆ. ಹಗುರ ಎಂಬ ಗುಣಕ್ಕಾಗಿಯೇ ಮೆಚ್ಚಿ ಕೊಂಡ ಕಾರಿಗೆ ಭಾರದ ಗಾಲಿ ತೊಡಿಸುವುದು, ಓಟದ ಹೋರಿಯ ಕಾಲಿಗೆ ಕೊರಡು ಕಟ್ಟಿದಂತೆ.

ನಮ್ಮ ಬಾಲ್ಯದಲ್ಲಿ ಗಾಡಿಯ ಗಾಲಿ ಮಾಡಿಸಲು ಆಚಾರಿಯ ಬಳಿಗೆ ಹೋದರೆ, ಆತ ಮೊದಲು ಕೇಳುತ್ತಿದ್ದುದು ಎರಡೇ ಮಾತು: ಹೊರೆ ಎಷ್ಟು, ದಾರಿ ಎಂಥದು. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ನೀರೆರೆದು ಕುಗ್ಗಿಸಿ ಬಿಗಿಮಾಡುವ ದೃಶ್ಯ ಹುಡುಗರಿಗೆ ಜಾತ್ರೆ. ಆದರೆ ಆಚಾರಿಯ ಕಣ್ಣು ಪಟ್ಟಿಗಿಂತ ಗುಂಬದ ಮೇಲೆ. ಗುಂಬದ ರಂಧ್ರ ಅಚ್ಚಿಗಿಂತ ಸಡಿಲವಾದರೆ ಗಾಲಿ ಓಲಾಡುತ್ತದೆ, ಆಮೇಲೆ ಕಡಾಣಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಕಾರಿನ ಗಾಲಿಗೂ ಇದೇ ನ್ಯಾಯ. ಹೊರಗಿನವರು ಮಾರುವ ಗಾಲಿಗಳು ಹಲವು ಕಾರುಗಳಿಗೆ ಹೊಂದಲೆಂದು ನಡುವಿನ ರಂಧ್ರವನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಸ್ವಿಫ್ಟಿಗೆ ಬೇಕಾದದ್ದು ೫೪.೧ ಮಿಲಿಮೀಟರು, ಅಂಗಡಿಯ ಗಾಲಿಯಲ್ಲಿದ್ದುದು ೭೩.೧. ನಡುವಿನ ಸಡಿಲಕ್ಕೆ ಸರಿಯಾದ ಬಳೆ ಹಾಕದೆ ನಾಲ್ಕು ನಟ್ಟುಗಳನ್ನೇ ನಂಬಿ ಬಿಗಿದರೆ ಗಾಲಿ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸಾಕು, ವೇಗದಲ್ಲಿ ಸ್ಟಿಯರಿಂಗು ನಡುಗುತ್ತದೆ. ಇನ್ನೊಂದು ಅಳತೆ ಆಫ್‌ಸೆಟ್ಟು, ಗಾಲಿಯ ಅಗಲದ ನಟ್ಟನಡುವಿನಿಂದ ಅದು ಕಾರಿಗೆ ಅಂಟಿಕೊಳ್ಳುವ ಮೈ ಎಷ್ಟು ಹೊರಗಿದೆ ಎಂಬುದು. ಈ ಅಂಕಿ ಕಡಿಮೆಯಾದಷ್ಟೂ ಗಾಲಿ ಕಾರಿನಿಂದ ಹೊರಚಾಚುತ್ತದೆ. ಹುಡುಗರಿಗೆ ಅದೇ ಚೆಂದ. ಚಾಚಿದ ಗಾಲಿ ಬೇರಿಂಗನ್ನು ಬೇಗ ಸವೆಸುತ್ತದೆ, ನಾಲ್ವರು ಕುಳಿತರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಹೊರೆಯ ಅಂಕಿಯೂ ಉಂಟು: ಟೈರಿನ ಮೇಲೆ ೮೪ ಎಂದಿದ್ದರೆ ಅದು ಹೊರಬಲ್ಲುದು ೫೦೦ ಕಿಲೋ, ೮೮ ಎಂದಿದ್ದರೆ ೫೬೦. ಆ ೧೭ ಇಂಚಿನ ಟೈರಿನ ಮೇಲೆ ಇದ್ದುದು ೮೪. ಕಂಪನಿಯ ೧೪ ಇಂಚಿನ ಟೈರಿಗೇ ೮೫ ಇತ್ತು. ದುಡ್ಡು ಹೆಚ್ಚು ಕೊಟ್ಟು ಕಡಿಮೆ ಹೊರುವುದನ್ನು ತರುವ ವ್ಯಾಪಾರ ನಮಗಂತೂ ತಿಳಿಯದು.

ಭಾವನವರ ಹಟಕ್ಕೂ ನಾವು ತಲೆದೂಗಲಿಲ್ಲ. ೨೦೧೯ರ ಜನವರಿ ೯ರಂದು ಸರ್ವೋಚ್ಚ ನ್ಯಾಯಾಲಯವು, ತಯಾರಕರ ಮೂಲ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ತೀರ್ಪು ನೀಡಿದ್ದು ನಿಜ. ಆದರೆ ತಯಾರಕರೇ ಇದೇ ಕಾರಿನ ಮತ್ತೊಂದು ಮಾದರಿಗೆ ೧೫ ಇಂಚಿನ ಅಲಾಯ್ ಗಾಲಿ ತೊಡಿಸಿ ಮಾರುತ್ತಿರುವಾಗ, ಅದೇ ಅಳತೆಯ ಗಾಲಿಯನ್ನು ಮಗ ಬಯಸಿದರೆ ಅಪರಾಧವೆಂದು ಹೇಗೆ ಹೇಳೋಣ? "ಬೇಡ ಎಂಬ ಒಂದೇ ಮಾತು ಹೇಳಿ ಕುಳಿತರೆ ಹುಡುಗ ಕದ್ದು ಹಾಕಿಸಿಕೊಂಡು ಬರುತ್ತಾನೆ. ಯಾವುದು ಬೇಡ, ಯಾವುದು ಆಗಬಹುದು ಎಂದು ಕೂತು ನೋಡಿದರೆ ನಿಮ್ಮ ಮಾತೂ ನಿಂತೀತು" ಎಂದು ಭಾವನವರಿಗೆ ಹೇಳಿದೆವು. ಅವರು ಉತ್ತರ ಕೊಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಕೊನೆಗೆ ಆಯ್ದದ್ದು ೧೫ ಇಂಚಿನ ಗಾಲಿ, ನಡುವಿನ ರಂಧ್ರ ಬಳೆಯ ಹಂಗಿಲ್ಲದೆ ಸ್ವಿಫ್ಟಿಗೇ ಸರಿಯಾದದ್ದು, ತೂಕ ನಮ್ಮ ತಕ್ಕಡಿಯಲ್ಲಿ ಆರು ಕಿಲೋ. ಉಕ್ಕಿನದಕ್ಕಿಂತ ಅರ್ಧ ಕಿಲೋ ಕಡಿಮೆ. ಅದರ ಮೇಲೆ ೧೮೫/೬೫ರ ಟೈರು, ಹೊರೆಯ ಅಂಕಿ ೮೮. ಬಣ್ಣ ಬೂದಿ. ಕಪ್ಪು ಬೇಕಿತ್ತೆಂದು ಹುಡುಗ ಈಗಲೂ ಗೊಣಗುತ್ತಾನೆ. ಬಣ್ಣದ ವಿಷಯದಲ್ಲಿ ನಾವು ತಲೆಹಾಕಲಿಲ್ಲ, ಅದು ಅವನ ಹೆಂಡತಿಯ ಆಯ್ಕೆ. ವಿಮೆಯವರಿಗೆ ಬದಲಾವಣೆಯನ್ನು ಬರೆದು ತಿಳಿಸಿ, ಅದರ ಪ್ರತಿಯನ್ನು ಕಾರಿನಲ್ಲೇ ಇಡಿಸಿದೆವು. ಮುಂದಿನ ತಪಾಸಣೆಗೆ ಸೊಸೆಯನ್ನು ಕರೆದೊಯ್ದಾಗ ಭಾವನವರು ಮುಂದಿನ ಆಸನದಲ್ಲಿ ಕುಳಿತಿದ್ದರು. ಹುಣಸೂರು ದಾಟುವವರೆಗೆ ಮಾತಿಲ್ಲ, ಆಮೇಲೆ ಕಾಫಿ ಕುಡಿಯೋಣವೆಂದರಂತೆ.

ಇದೇ ಹಾದಿಯಲ್ಲಿರುವ ಮನೆಗಳಿಗೆ ಇನ್ನೆರಡು ಮಾತು. ಹೊಸ ಗಾಲಿಯಲ್ಲಿ ನಟ್ಟು ಕೂರುವ ಗುಳಿ ಇಳಿಜಾರಾಗಿದೆಯೋ ದುಂಡಗಿದೆಯೋ ನೋಡಿ, ಅದಕ್ಕೆ ಹೊಂದುವ ನಟ್ಟನ್ನೇ ಕೇಳಿ ಪಡೆಯಬೇಕು. ತೊಡಿಸಿದ ಮೇಲೆ ನೂರು ಕಿಲೋಮೀಟರು ಓಡಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿಗೆ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕಳಚಿದ ನಾಲ್ಕು ಉಕ್ಕಿನ ಗಾಲಿಗಳನ್ನು ಗುಜರಿಗೆ ಹಾಕಬಾರದು. ಹಳೆಯ ಸ್ಟೆಪ್ನಿ ಹೊಸ ಟೈರಿಗಿಂತ ಎತ್ತರದಲ್ಲಿ ಎರಡೇ ಮಿಲಿಮೀಟರು ಕಡಿಮೆಯಾದ್ದರಿಂದ, ದಾರಿಯಲ್ಲಿ ಗಾಳಿ ಹೋದರೆ ಅದನ್ನೇ ಹಾಕಿಕೊಂಡು ನಿಧಾನವಾಗಿ ಮನೆ ಸೇರಬಹುದು.