ಕಾಕಾನ ಗುಳಿಗಿ, ನನ್ನ ಕಿರ್ದಿ ಪುಸ್ತಕ

ಭಾಗ 1/8
ದೋಸ್ತರೇ, ಇದು ಸ್ವಲ್ಪ ಉದ್ದ ಅದ, ಒಂದೇ ಕ್ಯಾಪ್ಷನ್‌ನಾಗ ಹಿಡಿಯಂಗಿಲ್ಲ. ಅದಕ್ಕೇ ಎಂಟು ಭಾಗ ಮಾಡೀನಿ. ಪುರುಸೊತ್ತಾದಾಗ ಓದ್ರಿ, ಆದ್ರ ಪೂರ್ತಿ ಓದ್ರಿ.

ನಮ್ಮ ಕಾಕಾ ಸಿಂದಗಿಯಲ್ಲಿ ಹೊಲಿಗಿ ಕೆಲಸ ಮಾಡ್ತಾನ. ನಾಲ್ಕು ವರ್ಷದ ಹಿಂದೆ ಅವನಿಗೆ ಯಾರೂ ಇಲ್ಲದಾಗಲೂ ದನಿ ಕೇಳಾಕ ಶುರುವಾಯ್ತು. ಡಾಕ್ಟರು ಸ್ಕಿಜೋಫ್ರೇನಿಯಾ ಅಂದರು. ಗುಳಿಗಿ ಶುರು ಮಾಡಿದ ಮೇಲೆ ದನಿ ನಿಂತವು, ಅಂಗಡಿಯ ಶಟರ್ ಮತ್ತೆ ಮೇಲೆದ್ದಿತು. ಈ ವರ್ಷ ಗುಳಿಗಿ ಬದಲಾಯ್ತು. ಎರಡು ವಾರದೊಳಗ ಕಾಕಾ ಕುಂತಲ್ಲಿ ಕುಂದರದಂಗ ಆದ. ಊಟಕ್ಕ ಕುಂತ್ರ ಎರಡು ತುತ್ತಿಗೆ ಏಳ್ತಾನ. ರಾತ್ರಿ ಅಂಗಳದಾಗ ಅಡ್ಡಾಡ್ತಾನ. ಮಷಿನ್ ಇಲ್ಲದ ಕಡೆನೂ ಪೆಡಲ್ ತುಳದಂಗ ಕಾಲು ಆಡ್ತಾವ.

ಇದನ್ನೆಲ್ಲ ಅವನನ್ನ ಕೇಳಿಯೇ ಬರೀತಿದ್ದೇನೆ. “ಹೆಸರು ಹಾಕಬ್ಯಾಡ ಯವ್ವಾ, ಹೊಲಿಗಿಯಂವ ಅಂತ ಬರಿ ಸಾಕು” ಅಂದಾನ.

ಭಾಗ 2/8
ಓಣಿಯವರು ಏನಂದ್ರು ಅಂತ ನಿಮಗ ಹೇಳೋದೇ ಬೇಡ. “ಗಾಳಿ ಬಡದದ”, “ಮತ್ತ ತಲಿ ಕೆಟ್ಟದ”, “ಗುಳಿಗಿ ಕಮ್ಮಿ ಆಗ್ಯಾವ, ಹೆಚ್ಚಿಗಿ ಕೊಡಸ್ರಿ.” ಒಬ್ಬರು ದಾರ ಕಟ್ಟಸ್ರಿ ಅಂದ್ರು.

ಕಾಕಾ ಹೇಳಿದ ಮಾತು ಬೇರೆ. “ದನಿ ಕೇಳಿದ್ರ ತಡಕೋತೀನಿ, ಈ ಕಾಲಿನ ತ್ರಾಸ ತಡ್ಯಾಕ ಆಗವಲ್ದು. ಚರ್ಮದ ಒಳಗ ಇರವಿ ಹರದಂಗ ಆಗ್ತದ.” ಅವತ್ತೇ ಅವ್ವ ಮಷಿನ್ ಕವರ್ ಕೆಳಗ ಆರು ಗುಳಿಗಿ ಕಂಡಳು. ಕಾಕಾ ನುಂಗದೆ ಇಟ್ಟಿದ್ದ.

ಇಲ್ಲಿ ತೂಕ ಏನಂತ ಅರ್ಥ ಆಯ್ತಲ್ಲ? ಗುಳಿಗಿ ಬಿಟ್ರ ದನಿ ಬರ್ತಾವ, ಅಂಗಡಿ ಹೋಗ್ತದ. ಗುಳಿಗಿ ತಗೊಂಡ್ರ ಕುಂದರಾಕ ಆಗಂಗಿಲ್ಲ, ಕುಂದರದೆ ಹೊಲಿಯಾಕ ಬರಂಗಿಲ್ಲ. ಎರಡೂ ಕಡೆ ನಷ್ಟ.

ಭಾಗ 3/8
ಕಾಕಾನಿಗೆ ಆಗಿದ್ದಕ್ಕೆ ಒಂದು ಹೆಸರಿದೆ: ಅಕಥೀಸಿಯಾ. ಕುಂದರಲಾಗದಿರುವುದು ಅಂತ ಅದರ ಅರ್ಥ. ಅದು ಗುಳಿಗಿಯ ಅಡ್ಡ ಪರಿಣಾಮ.

ಯಾಕೆ ಹಿಂಗಾಗ್ತದ? ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಇರ್ತದ. ಒಂದು ಕಡೆ ಅದರ ಆಟ ಹೆಚ್ಚಾದ್ರ ದನಿ, ಅನುಮಾನ ಬರೋದಕ್ಕೆ ಕಾರಣ ಆಗ್ತದ. ಇನ್ನೊಂದು ಕಡೆ ಅದೇ ಡೋಪಮಿನ್ ನಮ್ಮ ಕೈಕಾಲಿನ ಚಲನೆಯನ್ನು ಹದದಲ್ಲಿ ಇಡ್ತದ. ಗುಳಿಗಿಗೆ ಈ ಕಡೆ, ಆ ಕಡೆ ಅಂತ ಭೇದ ಗೊತ್ತಿಲ್ಲ, ಎರಡೂ ಕಡೆ ತಡೀತದ.

ಇದು ಗೊತ್ತಾದ ಕಥೆಯಲ್ಲಿ ನಮ್ಮ ದೇಶದ ಒಂದು ಬೇರೂ ಇದೆ. ಸರ್ಪಗಂಧಿ ಬೇರು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಕೆಲಸ ಮಾಡ್ತದ ಅಂತ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಅದರಿಂದ ರೆಸರ್ಪಿನ್ ತೆಗೆದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನು ಮಾನಸಿಕ ರೋಗಿಗಳಿಗೆ ಕೊಡಲು ಶುರು ಮಾಡಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಅಲ್ಲಾಡದೆ ಕುಂತವು. ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಮತ್ತೆ ಓಡಾಡಿದವು. ಅದು 1957ರ ಮಾತು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಅಂದ್ರ ಈ ತ್ರಾಸ ಗಾಳಿಯದಲ್ಲ, ದೆವ್ವದ್ದಲ್ಲ. ಡೋಪಮಿನ್ ಲೆಕ್ಕದ್ದು.

ಭಾಗ 4/8 (ಇದನ್ನ ಸೇವ್ ಮಾಡ್ಕೊಳ್ರಿ)
ಚಲನೆಯ ಅಡ್ಡ ಪರಿಣಾಮ ಮುಖ್ಯವಾಗಿ ನಾಲ್ಕು ತರ.

ಒಂದು, ಸ್ನಾಯು ಹಿಡಿತ. ಗುಳಿಗಿ ಅಥವಾ ಇಂಜೆಕ್ಷನ್ ಶುರುವಾದ ಕೆಲವು ತಾಸಿನಿಂದ ಕೆಲವು ದಿನದೊಳಗ ಬರ್ತದ. ಕುತ್ತಿಗೆ ಒಂದು ಕಡೆ ತಿರುಗ್ತದ, ದವಡೆ ಬಿಗಿತದ, ಕಣ್ಣು ಮೇಲೆ ಹೋಗಿ ನಿಲ್ತಾವ. ನಮ್ಮ ವಯಸ್ಸಿನ ಹುಡುಗರಿಗೆ ಹೆಚ್ಚು. ನೋಡಿದವರು ಮೈಮೇಲೆ ಏನೋ ಬಂದದ ಅಂತಾರ. ಆದ್ರ ದವಾಖಾನಿಯಲ್ಲಿ ಸರಿಯಾದ ಇಂಜೆಕ್ಷನ್ ಕೊಟ್ರ ಸಾಮಾನ್ಯವಾಗಿ ಅರ್ಧ ತಾಸಿನೊಳಗ ಇಳೀತದ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಹಿಂಗಾಗಬಹುದು. ಹಾಗಾಗಿ ಇದು ನಮಗೂ ನಿಮಗೂ ಬರಬಹುದು.

ಎರಡು, ಅಕಥೀಸಿಯಾ. ದಿನಗಳಿಂದ ವಾರಗಳೊಳಗ ಬರ್ತದ.

ಮೂರು, ಪಾರ್ಕಿನ್ಸನ್ ತರದ್ದು. ಕೈ ನಡುಕ, ಮೈ ಬಿಗಿತ, ಸಣ್ಣ ಹೆಜ್ಜೆ, ಮುಖದಾಗ ಭಾವ ಕಾಣದಿರುವುದು. “ಸೊಕ್ಕು ನೋಡ, ನಗೋದೇ ಇಲ್ಲ” ಅಂತೀವಲ್ಲ, ಕೆಲವರಿಗೆ ನಗಾಕ ಮುಖದ ಸ್ನಾಯು ಬಿಡಂಗಿಲ್ಲ.

ನಾಲ್ಕು, ಟಾರ್ಡಿವ್ ಡಿಸ್ಕಿನೀಸಿಯಾ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡ ಮೇಲೆ ಬರ್ತದ. ತುಟಿ, ನಾಲಿಗೆ, ದವಡೆ ಎಲಿಅಡಿಕಿ ಮೆಲ್ಲಿದಂಗ ತಾವೇ ಆಡ್ತಾವ. ಇದು ಕೆಲವರಿಗೆ ಪೂರ್ತಿ ಹೋಗಂಗಿಲ್ಲ, ಅದಕ್ಕೇ ಬೇಗ ಗುರುತಿಸಬೇಕು.

ಭಾಗ 5/8
ನಾನು ಬಿಕಾಂ ಹುಡುಗಿ, ಡಾಕ್ಟರಕಿ ಗೊತ್ತಿಲ್ಲ. ಲೆಕ್ಕ ಗೊತ್ತು. ಹಳೆಯ ಕಿರ್ದಿ ಪುಸ್ತಕ ತಗೊಂಡು ಆರು ಕಾಲಂ ಹಾಕಿದೆ. ತಾರೀಖು, ಗುಳಿಗಿ ತಗೊಂಡ ಹೊತ್ತು, ಕಾಲು ಶುರುವಾದ ಹೊತ್ತು, ಒಂದೇ ಸಲ ಎಷ್ಟು ನಿಮಿಷ ಕುಂತ, ಎಷ್ಟು ತಾಸು ಮಲಗಿದ, ದನಿ ಕೇಳಿತೋ ಇಲ್ಲೋ. “ಹತ್ತು ದಿನ ನನ್ನ ಮುಂದ ನುಂಗು, ಹನ್ನೊಂದನೇ ದಿನ ಡಾಕ್ಟರ್ ಹತ್ರ ನಾನೇ ಬರ್ತೀನಿ” ಅಂದೆ. ಕಾಕಾ ಒಪ್ಪಿದ.

ಹತ್ತು ದಿನದ ಲೆಕ್ಕ ಹಿಂಗಿತ್ತು. ಕುಂತದ್ದು ಹೆಚ್ಚಂದ್ರ ಏಳು ನಿಮಿಷ. ನಿದ್ದಿ ಮೂರು-ನಾಲ್ಕು ತಾಸು. ದನಿ ಕಾಲಂನಾಗ ಹತ್ತೂ ದಿನ ಸೊನ್ನೆ.

ಆ ಸೊನ್ನೆಯೇ ಮುಖ್ಯ. ಕಾಯಿಲೆ ತಿರುಗಿ ಬಂದಿದ್ರ ದನಿನೂ ಬರಬೇಕಿತ್ತು. ದನಿ ಇಲ್ಲ, ಬರೇ ಕಾಲು. ಅಕಥೀಸಿಯಾವನ್ನು ಕಾಯಿಲೆ ಹೆಚ್ಚಾಗ್ಯದ ಅಂತ ತಿಳಿದು ಗುಳಿಗಿ ಏರಿಸಿದ್ರ ತ್ರಾಸ ಇನ್ನೂ ಹೆಚ್ಚಾಗ್ತದ. ಓಣಿಯವರ ಸಲಹೆ ಕೇಳಿದ್ರ ಆಗ್ತಿದ್ದದ್ದು ಅದೇ.

ಭಾಗ 6/8
ಡಾಕ್ಟರು ಪುಸ್ತಕ ಎರಡು ಸಲ ತಿರುವಿ ನೋಡಿದರು. ಕಾಕಾನನ್ನ ಕೂಡಿಸಿ ನೋಡಿದರು, ನಿಲ್ಲಿಸಿ ನೋಡಿದರು. ಗುಳಿಗಿಯ ಪ್ರಮಾಣ ಸ್ವಲ್ಪ ಇಳಿಸಿ, ಪ್ರೊಪ್ರನೊಲಾಲ್ ಸೇರಿಸಿದರು. ಮೂರು ವಾರದಲ್ಲಿ ಕುಂದರೋ ಕಾಲಂ ನಲವತ್ತು ನಿಮಿಷಕ್ಕೆ ಬಂತು. ಒಂದು ಬ್ಲೌಸ್ ಹೊಲಿಯಾಕ ಅಷ್ಟು ಸಾಲದು, ಆದ್ರ ಮೊದಲಿನ ಏಳಕ್ಕಿಂತ ಎಷ್ಟೋ ಮೇಲು. ಕೈ ನಡುಕ ಇನ್ನೂ ಸ್ವಲ್ಪ ಅದ. ಸೂಜಿಗೆ ದಾರ ಪೋಣಿಸೋದು ಈಗ ನನ್ನ ಕೆಲಸ.

ಕಾಕಾನಿಗೆ ಹೊಂದಿದ್ದು ನಿಮ್ಮ ಮನೆಯವರಿಗೆ ಹೊಂದಬೇಕಂತಿಲ್ಲ. ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಆಗಂಗಿಲ್ಲ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಿಂದ ಬಾಯಿ ಒಣಗ್ತದ, ಮಲಬದ್ಧತೆ ಆಗ್ತದ, ಮರೆವು ಬರಬಹುದು, ಟಾರ್ಡಿವ್ ಇದ್ದವರಿಗೆ ಅದು ಹೆಚ್ಚಾಗಬಹುದು. ಮೆಡಿಕಲ್ ಅಂಗಡಿಯಲ್ಲಿ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳೋ ಗುಳಿಗಿ ಅಲ್ಲ ಅದು. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಅದ ಅಂತ ಅದರ ಪುಡಿ ಕೊಡಾಕ ಹೋಗಬ್ಯಾಡ್ರಿ, ದನಿ ಮತ್ತ ಬರಬಹುದು. ಗುಳಿಗಿ ಒಮ್ಮೆಲೇ ಬಿಡೋದಂತೂ ಬ್ಯಾಡೇ ಬ್ಯಾಡ.

ಭಾಗ 7/8
ಕಾಯದೆ ಓಡಬೇಕಾದದ್ದು ಯಾವಾಗ? ಉಸಿರಾಡಾಕ ಅಥವಾ ನುಂಗಾಕ ತ್ರಾಸ ಆದ್ರ. ಜೋರು ಜ್ವರ, ಕಟ್ಟಿಗೆಯಂಥ ಮೈ ಬಿಗಿತ, ಗೊಂದಲ ಮೂರೂ ಕೂಡಿ ಬಂದ್ರ. ಇದು ಅಪರೂಪ, ಆದ್ರ ಜೀವಕ್ಕೇ ಅಪಾಯ. ನಮ್ಮ ಜಿಲ್ಲೆಯ ಬ್ಯಾಸಿಗಿ ಗೊತ್ತಲ್ಲ, 40 ಡಿಗ್ರಿ ದಾಟ್ತದ. ಈ ಗುಳಿಗಿ ತಗೊಳ್ಳೋರ ಮೈಗೆ ಬಿಸಿಲು ತಡಕೊಳ್ಳೋ ಶಕ್ತಿ ಕಮ್ಮಿ ಇರ್ತದ. ನೀರು, ಮಜ್ಜಿಗಿ ಕುಡಸ್ರಿ, ಮಧ್ಯಾಹ್ನ ಹೊಲಕ್ಕ ಕಳಿಸಬ್ಯಾಡ್ರಿ.

ಅಕಥೀಸಿಯಾದ ಸಂಕಟದಾಗ ಕೆಲವರಿಗೆ ಸಾಯೋ ವಿಚಾರ ಬರ್ತದ. ಹಂಗ ಅಂದವರನ್ನ ಒಬ್ಬರೇ ಬಿಡಬ್ಯಾಡ್ರಿ, ದವಾಖಾನಿಗೆ ಕರ್ಕೊಂಡು ಹೋಗ್ರಿ. ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್‌ನಿಂದ ನಡೀತದ, ಕಾಸಿಲ್ಲ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಭಾಗ 8/8
ಮಾನಸಿಕ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕು ಅನ್ನೋ ಪ್ರಯೋಗ ನಡೆದದ್ದು ನಮ್ಮ ಕಡೆನೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಅದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಯೋಜನೆ ಅದ. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಫೋನ್ ಮಾಡಿ ಕೇಳ್ಕೊಳ್ರಿ. ದೊಡ್ಡ ತೊಂದರೆಗೆ ಧಾರವಾಡದ ಡಿಮ್ಹಾನ್ಸ್ ಅದ.

ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಕೊಡುವ ಚಿಕಿತ್ಸೆಯ ಗೊತ್ತಿರುವ ಅಡ್ಡ ಪರಿಣಾಮಗಳನ್ನು ತಿಳಿಯೋದು ರೋಗಿಯ ಹಕ್ಕು. ಅದೂ ತಿಳಿಯುವ ಭಾಷೆಯಲ್ಲಿ. “ಸರ್, ಇದರಿಂದ ಕೈಕಾಲಿಗೆ ಏನಾದ್ರೂ ಆಗ್ತದೇನ್ರಿ?” ಅಂತ ಕೇಳೋದು ಉದ್ಧಟತನ ಅಲ್ಲ.

ನಮ್ಮ ಕ್ಲಾಸಿನಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬರೋರು ಅದೀವಿ. ನಾಲ್ಕೂ ಕಡೆ ಬಸ್ ಸ್ಟ್ಯಾಂಡಿನಾಗ ಬಾಯಿ ಆಡಿಸ್ಕೋತ, ಕಾಲು ತುಳಕೋತ ನಿಂತವರನ್ನ ನೋಡಿ ವಿಡಿಯೊ ಮಾಡೋರೂ ಅದಾರ. ಮುಂದಿನ ಸಲ ಯಾರಾದ್ರೂ ಮೊಬೈಲ್ ಎತ್ತಿದ್ರ ಇಷ್ಟೇ ಹೇಳ್ರಿ: ಅಂವ ಗುಳಿಗಿ ತಪ್ಪಿಸದ ತಗೊಳ್ಳಾಕತ್ತಾನ, ಅದಕ್ಕೇ ಹಿಂಗಾಗಿರಬಹುದು, ಕೆಳಗ ಇಡು ಮೊಬೈಲ್.

ಕಿರ್ದಿ ಪುಸ್ತಕದ ಕಾಲಂಗಳ ಫೋಟೊ ಕೊನೆ ಸ್ಲೈಡ್‌ನಾಗ ಅದ. ಬೇಕಾದವರು ಹಂಗೇ ಬರ್ಕೊಳ್ರಿ. ನಿಮ್ಮ ಮನೆಯಾಗೂ ಯಾರಾದ್ರೂ ಇದ್ರ ಕಾಮೆಂಟ್‌ನಾಗ ಹೆಸರು ಹಾಕಬ್ಯಾಡ್ರಿ, ಮೆಸೇಜ್ ಮಾಡ್ರಿ. ಪರೀಕ್ಷೆ ಅದಾವ, ಆದ್ರೂ ಉತ್ತರ ಕೊಡ್ತೀನಿ.

#ವಿಜಯಪುರ #ಸಿಂದಗಿ #ಇಂಡಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಮಾನಸಿಕಆರೋಗ್ಯ #ಬಿಕಾಂಹುಡುಗಿ