ಸ್ಕೂಟರ್ ಕೊಂಡೆ, ವಾರಂಟಿ ಬಿಟ್ಟೆ

"ಮೇಡಂ, ಇನ್ನೊಂದು 1,050 ರೂಪಾಯಿ ಸೇರಿಸಿಬಿಡಿ. ಕಂಪೆನಿಯ ಮೂರು ವರ್ಷದ ಮೇಲೆ ಇನ್ನೂ ಮೂರು ವರ್ಷ ವಾರಂಟಿ. ಆರು ವರ್ಷ ನೀವು ಗಾಡಿ ಬಗ್ಗೆ ಯೋಚನೆಯೇ ಮಾಡಬೇಕಾಗಿಲ್ಲ" ಎಂದ ಷೋರೂಂನ ಹುಡುಗ. ಅದು 2019ರ ಜನವರಿ. ನನ್ನ ಮೊದಲ ಸ್ಕೂಟರ್. ಪಕ್ಕದಲ್ಲಿ ನನ್ನವರು ಸುಮ್ಮನೆ ಕುಳಿತಿದ್ದರು. ಹಣ ನಿನ್ನದು, ತೀರ್ಮಾನವೂ ನಿನ್ನದೇ ಆಗಲಿ ಎಂಬಂತೆ.

ಸಹೋದರಿಯರೇ, ನಿಮಗೆ ಆ 1,050 ರೂಪಾಯಿ ದೊಡ್ಡದೆನಿಸದಿರಬಹುದು. ನನಗೆ ಅಂದು ದೊಡ್ಡದಾಗಿತ್ತು. ನಾವಿರುವುದು ಮೈಸೂರಿನ ಅಶೋಕಪುರಂನಲ್ಲಿ, ರೈಲ್ವೆ ವರ್ಕ್‌ಶಾಪಿಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ. ನಾನು ಪಾಠ ಹೇಳುವ ಶಾಲೆ ಇರುವುದು ಉದಯಗಿರಿಯಲ್ಲಿ, ಅಂದರೆ ಊರಿನ ಇನ್ನೊಂದು ಮಗ್ಗುಲಲ್ಲಿ. ನನ್ನ ತವರೂ ಅಲ್ಲೇ. ಸಿಟಿ ಬಸ್ ನಿಲ್ದಾಣದವರೆಗೆ ಒಂದು ಬಸ್, ಅಲ್ಲಿಂದ ಇನ್ನೊಂದು. ಎರಡನೆಯದು ತಪ್ಪಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ. ಅಂಥ ಮೂರು ಗುರುತಿಗೆ ಅರ್ಧ ದಿನದ ಸಂಬಳ ಖೋತಾ. ಹೀಗಾಗಿ ಬೀದಿಯ ಹೆಂಗಸರ ಚೀಟಿಗೆ ಎರಡು ವರ್ಷ ಕಟ್ಟಿ, ನನ್ನ ಸರದಿ ಬಂದಾಗ ಗಾಡಿ ಕೊಳ್ಳಲು ಹೋಗಿದ್ದೆ. ರಸ್ತೆಗಿಳಿಯುವ ಹೊತ್ತಿಗೆ ಬೆಲೆ ಎಪ್ಪತ್ತು ಸಾವಿರ ದಾಟಿತ್ತು. ಅದಕ್ಕೆ ಒಂದು ಕಾರಣ, ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟಬೇಕಾಗಿದ್ದುದು.

"ಇನ್ಶೂರೆನ್ಸ್ ಕಟ್ಟಿದ್ದೀವಲ್ಲಪ್ಪಾ, ಮತ್ತೆ ಇದೇನು?" ಎಂದು ನಾನು ಕೇಳಿದ್ದೇ ಅವನಿಗೆ ನಗು ತರಿಸಿತು. ನೀವೂ ನನ್ನ ಹಾಗೆ ಗೊಂದಲದಲ್ಲಿದ್ದರೆ ಹೇಳುತ್ತೇನೆ, ನಗುವುದಿಲ್ಲ. ಥರ್ಡ್ ಪಾರ್ಟಿ ವಿಮೆ ಎಂದರೆ ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಹಾನಿಗೆ. ಅದಿಲ್ಲದೆ ರಸ್ತೆಗಿಳಿದರೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ವಾರಂಟಿ ಎಂದರೆ ಗಾಡಿಯ ತಯಾರಿಕೆಯಲ್ಲೇ ದೋಷವಿದ್ದು ಯಾವುದಾದರೂ ಭಾಗ ಕೆಟ್ಟರೆ ಕಂಪೆನಿಯೇ ಸರಿಮಾಡಿ ಕೊಡುವ ಮಾತು. ಗಾಡಿಯ ಬೆಲೆಯಲ್ಲೇ ಬರುವ ವಾರಂಟಿ ಒಂದು. ಅದು ಮುಗಿದ ಮೇಲೂ ಮುಂದುವರಿಯಲಿ ಎಂದು ನಾವು ಬೇರೆ ದುಡ್ಡು ಕೊಟ್ಟು ಕೊಳ್ಳುವುದು ವಿಸ್ತರಿತ ವಾರಂಟಿ. ಇದನ್ನು ಕೊಳ್ಳಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

"ನಾಳೆ ಹೇಳ್ತೀನಿ" ಎಂದೆ. "ಇವತ್ತು ತಗೊಂಡ್ರೆ ಮಾತ್ರ ಈ ರೇಟು ಮೇಡಂ" ಎಂದ. ಎಷ್ಟೋ ಕಂಪೆನಿಗಳು ಮೊದಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಇದನ್ನು ಕೊಡುತ್ತವೆ, ತಡವಾದಷ್ಟೂ ದರ ಸ್ವಲ್ಪ ಏರುತ್ತದೆ, ಕೆಲವರು ಗಾಡಿ ಪರೀಕ್ಷಿಸಿ ಕೊಡುತ್ತಾರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆದರೂ ಎದ್ದು ಬಂದೆ. ಬರುವಾಗ ಒಂದು ಕೆಲಸ ಮಾಡಿದೆ. ವಾರಂಟಿಯ ಷರತ್ತು ಅಚ್ಚಾಗಿರುವ ಪುಸ್ತಕ ಕೇಳಿ ಪಡೆದುಕೊಂಡೆ. ಅವನು ಕೊಡಲು ಹಿಂದೆಮುಂದೆ ನೋಡಿದ. ಬಣ್ಣದ ಜಾಹೀರಾತಿನ ಹಾಳೆಯನ್ನಾದರೆ ಕೇಳದೆಯೇ ಎರಡು ಕೊಟ್ಟಿದ್ದ.

ಮನೆಯಲ್ಲಿ ಆ ರಾತ್ರಿ ಊಟಕ್ಕಿಂತ ಚರ್ಚೆಯೇ ಜಾಸ್ತಿ. ಅತ್ತೆ ಮೊದಲು ಎತ್ತಿದ್ದು, "ಇದು ಜಾಯಿಝೋ ಅಲ್ಲವೋ?" ಎಂಬ ಪ್ರಶ್ನೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಈ ಪ್ರಶ್ನೆ ಏಳುತ್ತದೆಂದು ಬಲ್ಲೆ. ಗಾಡಿಯ ಬೆಲೆಯಲ್ಲೇ ಸೇರಿ ಬರುವ ವಾರಂಟಿಯ ಬಗ್ಗೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಕೆಡಬಹುದು, ಕೆಡದಿರಲೂಬಹುದು ಎಂಬ ಅನಿಶ್ಚಿತತೆಗೆ ಬೇರೆಯಾಗಿ ಹಣ ಕೊಡುವುದರಲ್ಲಿ 'ಗರರ್' ಇದೆ, ಅದು ವಿಮೆಯಂತೆಯೇ ಎನ್ನುವ ಉಲಮಾಗಳಿದ್ದಾರೆ. ತಯಾರಕನೇ ದುರಸ್ತಿಯ ಹೊಣೆ ಹೊರುವುದಾದರೆ ಅದನ್ನು ಸೇವೆಯ ಕರಾರೆಂದು ಕಾಣುವವರೂ ಇದ್ದಾರೆ. ತೀರ್ಪು ಹೇಳುವಷ್ಟು ವಿದ್ಯೆ ನನಗಿಲ್ಲ. ನೀವು ನಂಬುವ ವಿದ್ವಾಂಸರನ್ನೇ ಕೇಳಿ. ಆದರೆ ಕೇಳಲು ಹೋಗುವಾಗ ಆ ಕಾಗದವನ್ನೂ ಒಯ್ಯಿರಿ. ಹೊಣೆ ಹೊತ್ತವರು ಕಂಪೆನಿಯವರೇ, ಅಂಗಡಿಯವರೇ, ಇಲ್ಲ ಮೂರನೆಯ ಯಾರೋ ಒಬ್ಬರೇ ಎಂಬುದು ಬರಿಯ 'ವಾರಂಟಿ' ಎಂಬ ಮಾತಿನಿಂದ ಅವರಿಗೂ ಗೊತ್ತಾಗುವುದಿಲ್ಲ.

ಮಾವನವರ ವಾದವೇ ಬೇರೆ. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಮೈಸೂರಿನವರಿಗೆ ಹೇಳಬೇಕಾಗಿಲ್ಲ, 1961ರಲ್ಲಿ ಅಲ್ಲಿಂದ ಜಾವಾ ಬೈಕುಗಳು ಹೊರಬರತೊಡಗಿದವು, ಆಮೇಲೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಾವನವರ ಯೆಜ್ಡಿ ಇಂದಿಗೂ ನಮ್ಮ ಜಗುಲಿಯ ಪಕ್ಕ ನಿಂತಿದೆ. ಶುಕ್ರವಾರ ಅದನ್ನು ಒದ್ದು ಸ್ಟಾರ್ಟ್ ಮಾಡಿದರೆ ಬೀದಿಗೆಲ್ಲ ಜುಮಾದ ಹೊತ್ತಾಯಿತೆಂದು ತಿಳಿಯುತ್ತದೆ. "ಬೇಟಿ, ಮಾತು ಕೊಟ್ಟ ಕಂಪೆನಿಯೇ ಮುಚ್ಚಿಹೋಯ್ತು, ಗಾಡಿ ಓಡ್ತಾ ಇದೆ. ಕಾಗದ ಅಲ್ಲ, ಒಳ್ಳೆ ಮೆಕ್ಯಾನಿಕ್ ಬೇಕು" ಎಂದರು. ಅವರ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ ಆ ಯೆಜ್ಡಿಗೆ ಅವರು ಸುರಿದ ಭಾನುವಾರಗಳ ಲೆಕ್ಕ ಅತ್ತೆಯ ಬಳಿ ಇದೆ. ನನಗೆ ಅಷ್ಟು ಭಾನುವಾರಗಳಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಅಣ್ಣನ ಕತೆ. ಅಣ್ಣ ಗೂಡ್ಸ್ ಆಟೋ ಇಟ್ಟುಕೊಂಡು ಮಂಡಿಯಿಂದ ತರಕಾರಿ ಸಾಗಿಸುವವನು. ಅವನು ವಿಸ್ತರಿತ ವಾರಂಟಿ ಕೊಂಡಿದ್ದ. 2016ರಲ್ಲಿ ಗೇರ್ ಬಾಕ್ಸ್ ಹೋಯಿತು. ಕಾಗದ ಹಿಡಿದು ಹೋದರೆ, "ಮೂರನೇ ಸರ್ವಿಸ್ 600 ಕಿಲೋಮೀಟರ್ ತಡವಾಗಿ ಮಾಡಿಸಿದ್ದೀರಿ, ಆಗೋದಿಲ್ಲ" ಎಂದರು. ಗೇರ್ ಬಾಕ್ಸಿಗೂ ಆ ಸರ್ವಿಸ್‌ಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಲಿಖಿತವಾಗಿ ಕೊಡಿ ಎಂದೂ ಕೇಳಲಿಲ್ಲ. 14,000 ರೂಪಾಯಿ ಸಾಲ ಮಾಡಿ ರಿಪೇರಿ ಮಾಡಿಸಿದ. ಗ್ರಾಹಕರ ಕೋರ್ಟಿಗೆ ಹೋಗೆಂದರೆ, "ನಂದು ಬಾಡಿಗೆ ಗಾಡಿ, ವ್ಯಾಪಾರದ್ದು, ನಮಗೆಲ್ಲ ಅಲ್ಲಿ ಜಾಗ ಇಲ್ಲ" ಎಂದ.

ಅದು ತಪ್ಪು. ಇದನ್ನು ಸ್ವಲ್ಪ ನಿಂತು ಓದಿ, ಏಕೆಂದರೆ ನಮ್ಮಲ್ಲಿ ಆಟೋ, ಟೆಂಪೋ ಓಡಿಸಿ ಬದುಕುವ ಮನೆಗಳು ಬಹಳ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಬಳಸುವ ವಾಹನ ಕಾನೂನಿನ ಕಣ್ಣಿನಲ್ಲಿ 'ವಾಣಿಜ್ಯ ಉದ್ದೇಶ'ದ್ದಾಗುವುದಿಲ್ಲ. ಹಳೆಯ ಕಾನೂನಿನಲ್ಲೂ ಹಾಗೆ ಇತ್ತು, 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಇದೆ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಮೊದಲು ವಿಚಾರಿಸಲು 1915 ಎಂಬ ಸಹಾಯವಾಣಿಯೂ ಇದೆ. ನಮಗೆ ಇದೆಲ್ಲ ತಿಳಿಯುವಷ್ಟರಲ್ಲಿ ಅಣ್ಣನ ಎರಡು ವರ್ಷ ಕಳೆದುಹೋಗಿತ್ತು.

ಎಲ್ಲರೂ ಮಲಗಿದ ಮೇಲೆ ಪುಸ್ತಕ ಬಿಡಿಸಿದೆ. ಕೊಡುವುದರ ಪಟ್ಟಿ ಅರ್ಧ ಪುಟ, ಕೊಡದಿರುವುದರ ಪಟ್ಟಿ ಎರಡು ಪುಟ. ಟಯರ್, ಬ್ಯಾಟರಿ, ಬ್ರೇಕ್ ಶೂ, ಕ್ಲಚ್, ಬೆಲ್ಟ್, ಪ್ಲಗ್, ಏರ್ ಫಿಲ್ಟರ್, ಬಲ್ಬು, ಕೇಬಲ್ಲು, ರಬ್ಬರಿನದು, ಪ್ಲಾಸ್ಟಿಕ್ಕಿನದು ಯಾವುದೂ ಇಲ್ಲ. ಬಿದ್ದು ಮುರಿದರೆ ಇಲ್ಲ. ನೀರು ಹೊಕ್ಕರೆ ಇಲ್ಲ. ಹೊರಗೆ ಹಾರ್ನ್ ಬದಲಾಯಿಸಿ ವೈರು ಕತ್ತರಿಸಿದರೆ ಇಲ್ಲ. ಪ್ರತಿಯೊಂದು ಸರ್ವಿಸನ್ನೂ ಅಧಿಕೃತ ಕೇಂದ್ರದಲ್ಲೇ, ಹೇಳಿದ ದಿನ ಅಥವಾ ಹೇಳಿದ ಕಿಲೋಮೀಟರಿನೊಳಗೆ ಮಾಡಿಸಿ ಬಿಲ್ಲು ಇಟ್ಟುಕೊಂಡಿರಬೇಕು. ವಾರಂಟಿ ಮುಗಿಯುವುದೂ ಹಾಗೆಯೇ, ವರ್ಷ ಅಥವಾ ಕಿಲೋಮೀಟರ್, ಯಾವುದು ಮೊದಲೋ ಅದು. ನಾನು ಒಂದು ಹಾಳೆಯಲ್ಲಿ ನಮ್ಮ ನೆಂಟರಿಷ್ಟರ ಸ್ಕೂಟರುಗಳಿಗೆ ನಾಲ್ಕೈದು ವರ್ಷದಲ್ಲಿ ಏನೇನು ಕೆಟ್ಟಿತ್ತೆಂದು ನೆನಪಿದ್ದಷ್ಟು ಬರೆದೆ. ಬೆಲ್ಟು, ಬ್ರೇಕು, ಬ್ಯಾಟರಿ, ಟಯರು, ಕೇಬಲ್ಲು. ಎಲ್ಲವೂ ಆ ಎರಡು ಪುಟದೊಳಗೇ ಇದ್ದವು!

ಮರುದಿನ ಬೆಳಿಗ್ಗೆ ನಲ್ಲಿ ಹತ್ತಿರ ಪಕ್ಕದ ಮನೆಯ ಅಣ್ಣ ಸಿಕ್ಕರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಅಲ್ಲಿಗೆ ರೈಲಿನ ಬೋಗಿಗಳು ನಿಗದಿತ ಅವಧಿಯ ದುರಸ್ತಿಗೆ ಬರುತ್ತವೆ, ಅವರು ಅದನ್ನು ಪಿಒಎಚ್ ಎನ್ನುತ್ತಾರೆ. "ಕೆಟ್ಟಿದ್ದಕ್ಕೆ ಬರೋದಲ್ಲಮ್ಮ, ದಿನ ತುಂಬಿದ್ದಕ್ಕೆ ಬರೋದು. ಚೆನ್ನಾಗಿ ಓಡ್ತಿದ್ರೂ ಬಿಚ್ಚಿ ನೋಡ್ತೀವಿ. ನೀನು ಆಯಿಲ್ ಟೈಮಿಗೆ ಬದಲಾಯಿಸು, ಸಾಕು" ಎಂದರು.

ವಾರಂಟಿ ಬೇಡವೆಂದೆ. 1,050 ರೂಪಾಯಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ 'ಗಾಡಿ' ಎಂದು ಬರೆದೆ. ಪ್ರತಿ ತಿಂಗಳು ನೂರು ರೂಪಾಯಿ ಸೇರಿಸಬೇಕೆಂದು ಲೆಕ್ಕ. ಲೆಕ್ಕ ಎಲ್ಲಿ ನಡೆಯುತ್ತದೆ ಹೇಳಿ! ಜೂನ್ ಬಂದರೆ ಮಕ್ಕಳ ನೋಟ್ ಪುಸ್ತಕಕ್ಕೆ ಡಬ್ಬಿಯಿಂದಲೇ ತೆಗೆದದ್ದು, ಆಗಸ್ಟಿನಲ್ಲಿ ವಾಪಸ್ ಹಾಕಿದ್ದು. ಒಮ್ಮೆ ನನ್ನವರು ಕೇಳದೆಯೇ ತೆಗೆದು ನನ್ನಿಂದ ಬೈಸಿಕೊಂಡದ್ದೂ ಇದೆ.

2022ರ ಆಗಸ್ಟಿನಲ್ಲಿ, ಅಂದರೆ ಕಂಪೆನಿಯ ಮೂರು ವರ್ಷ ಮುಗಿದು ಏಳು ತಿಂಗಳಿಗೆ, ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಸದ್ದಿಲ್ಲ. ಸ್ಟಾರ್ಟರ್ ಮೋಟಾರ್ ಹೋಗಿತ್ತು. 1,900 ರೂಪಾಯಿ. ಮೆಕ್ಯಾನಿಕ್ ಹೋದ ಮೇಲೆ ಹಳೆಯ ಪುಸ್ತಕ ಹುಡುಕಿ ನೋಡಿದೆ. ಕೊಡುವ ಅರ್ಧ ಪುಟದಲ್ಲಿ ಅದರ ಹೆಸರು ಇತ್ತು. ನಿಮ್ಮ ಮುಂದೆ ಮುಚ್ಚುಮರೆ ಏಕೆ, ಲೆಕ್ಕದಲ್ಲಿ ನಾನು 850 ರೂಪಾಯಿ ಸೋತಿದ್ದೆ. ಎರಡು ದಿನ ಮುಖ ಸಪ್ಪಗಾಗಿತ್ತು. ಮಾವನವರು ಮಾತ್ರ ಏನೂ ಆಡದೆ ಯೆಜ್ಡಿಯಲ್ಲಿ ಶಾಲೆಗೆ ಬಿಟ್ಟು ಬಂದರು.

ಆಮೇಲೆ ಸರ್ವಿಸ್ ಬಿಲ್ಲುಗಳ ಕವರು ತೆಗೆದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನನ್ನವರ ವೆಲ್ಡಿಂಗ್ ಕೆಲಸ ನಿಂತಿತ್ತು, ನನಗೆ ಅರ್ಧ ಸಂಬಳ. ಆಗ ಹಲವು ಕಂಪೆನಿಗಳು ಸರ್ವಿಸ್ ಮತ್ತು ವಾರಂಟಿಯ ಅವಧಿಯನ್ನು ಒಂದೆರಡು ತಿಂಗಳು ಮುಂದಕ್ಕೆ ಹಾಕಿದ್ದವು. ನಮ್ಮ ಕೈ ಮಾತ್ರ ಒಂದೆರಡು ತಿಂಗಳಿಗೆ ಸುಧಾರಿಸಲಿಲ್ಲ. ಆ ಇಡೀ ವರ್ಷ ಗಾಡಿಯನ್ನು ನೋಡಿಕೊಂಡವನು ನಮ್ಮ ಬೀದಿಯ ಮೆಕ್ಯಾನಿಕ್. ಆಯಿಲಿನ ದುಡ್ಡು ಮಾತ್ರ ತೆಗೆದುಕೊಂಡ, ಬಿಲ್ಲಿಲ್ಲ. ವಾರಂಟಿ ಕೊಂಡಿದ್ದರೂ ಅಣ್ಣನಿಗೆ ಹೇಳಿದ ಉತ್ತರವೇ ನನಗೂ ಸಿಗುತ್ತಿತ್ತು. ತಿಂಗಳ ಕೊನೆಯಲ್ಲಿ ಸರ್ವಿಸ್ ಮುಂದೂಡುವ ನಮ್ಮಂಥ ಮನೆಗಳಿಗೆ ಆ ಷರತ್ತು ಪಾಲಿಸುವುದೇ ಕಷ್ಟ. ತಪ್ಪದೆ ಅಧಿಕೃತ ಕೇಂದ್ರಕ್ಕೆ ಹೋಗಿ ಬಿಲ್ಲುಗಳನ್ನು ಜೋಡಿಸಿಡುವ ಮನೆಯವರು ನೀವಾದರೆ ನಿಮ್ಮ ಲೆಕ್ಕ ಬೇರೆಯೇ ಆಗಬಹುದು, ಕೊಳ್ಳಿರಿ ಎಂದೇ ಹೇಳುತ್ತೇನೆ.

ಈಗ ಅದೇ ಪ್ರಶ್ನೆ ಮನೆಗೆ ಮತ್ತೆ ಬಂದಿದೆ. ಮಗಳಿಗೆ ಕೆಲಸ ಸಿಕ್ಕಿದೆ, ಅವಳಿಗೆ ಎಲೆಕ್ಟ್ರಿಕ್ ಸ್ಕೂಟರೇ ಬೇಕಂತೆ. "2023ರಿಂದ ಹೆಂಗಸರಿಗೆ ಬಸ್ ಫ್ರೀ ಅಲ್ವೇನೇ" ಎಂದರೆ, "ಟಿಕೆಟ್ ಫ್ರೀ ಅಮ್ಮಿ, ಟೈಮ್ ಫ್ರೀ ಅಲ್ಲ" ಎನ್ನುತ್ತಾಳೆ. ನಾನು ನನ್ನ ಹಳೆಯ ತೀರ್ಮಾನವನ್ನೇ ಅವಳಿಗೂ ಹೇಳಹೊರಟಿದ್ದೆ. ಆದರೆ ಈ ಗಾಡಿಯಲ್ಲಿ ಬೆಲ್ಟು, ಪ್ಲಗ್ಗು, ಆಯಿಲ್ಲುಗಳ ಚಿಲ್ಲರೆ ಖರ್ಚು ಕಡಿಮೆ, ಇರುವ ಭಯವೆಲ್ಲ ಒಂದೇ ಕಡೆ. ಬ್ಯಾಟರಿ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಕೇಂದ್ರದ ಫೇಮ್-2 ಯೋಜನೆಯ ಸಹಾಯಧನ ಇದ್ದ ಕಾಲದಲ್ಲಿ, 2024ರ ಮಾರ್ಚಿನವರೆಗೆ, ಬ್ಯಾಟರಿ ಸೇರಿ ಕನಿಷ್ಠ ಮೂರು ವರ್ಷದ ವಾರಂಟಿ ಇರಬೇಕೆಂಬ ಷರತ್ತಿತ್ತು. ನಾಲ್ಕನೆಯ ಅಥವಾ ಐದನೆಯ ವರ್ಷ ಅದು ಕೈಕೊಟ್ಟರೆ ನನ್ನ ಬಿಸ್ಕತ್ತಿನ ಡಬ್ಬಿಯಿಂದ ಏನೂ ಆಗದು. ಸ್ಟಾರ್ಟರ್ ಮೋಟಾರಿಗೆ ಎರಡು ದಿನ ಮುಖ ಸಪ್ಪಗಾದರೆ ಮುಗಿಯಿತು. ಬ್ಯಾಟರಿಗೆ ಸಾಲ ಮಾಡಬೇಕಾಗುತ್ತದೆ, ಇಲ್ಲವೆ ಗಾಡಿಯನ್ನೇ ಮೂಲೆಗೆ ಸೇರಿಸಬೇಕಾಗುತ್ತದೆ. ಹಾಗಾಗಿ ಬ್ಯಾಟರಿಯದನ್ನು ಕೊಳ್ಳು, ಮಿಕ್ಕದ್ದು ಬಿಡು ಎಂದೆ. ಅತ್ತೆಯ ಪ್ರಶ್ನೆ ಇನ್ನೂ ಇದೆ, ಅದಕ್ಕೆ ಅವಳೇ ಕಾಗದ ಹಿಡಿದು ಕೇಳಿ ಬರುತ್ತಾಳಂತೆ.

ಮೊನ್ನೆ ಶನಿವಾರ ಇಬ್ಬರೂ ಷೋರೂಂಗೆ ಹೋಗಿದ್ದೆವು. ಅವಳು ಬ್ಯಾಗಿನಿಂದ ಚೀಟಿ ತೆಗೆದು ಕೇಳತೊಡಗಿದಳು. ಬ್ಯಾಟರಿ ಪೂರ್ತಿ ಸತ್ತರೆ ಮಾತ್ರ ಬದಲಾಯಿಸುತ್ತೀರೋ, ಶಕ್ತಿ ಕುಂದಿದರೂ ಬದಲಾಯಿಸುತ್ತೀರೋ? ಎಷ್ಟು ಶೇಕಡಕ್ಕೆ ಇಳಿದರೆ? ಅದನ್ನು ಅಳೆಯುವವರು ಯಾರು? ಮಳೆನೀರಿನಲ್ಲಿ ಹೋದರೆ ಏನು? ಗಾಡಿ ಮಾರಿದರೆ ವಾರಂಟಿ ಕೊಂಡವರಿಗೆ ಹೋಗುತ್ತದೆಯೆ? ಕಾಗದದಲ್ಲಿ ಯಾರ ಸಹಿ, ಕಂಪೆನಿಯದೋ ನಿಮ್ಮದೋ? ಹೇಳಿದ ಬೆಲೆಯಲ್ಲಿ 18 ಶೇಕಡ ಜಿಎಸ್‌ಟಿ ಸೇರಿದೆಯೋ ಇಲ್ಲವೋ?

ಹುಡುಗ ಬಣ್ಣದ ಹಾಳೆಯೊಂದನ್ನು ಮುಂದಿಟ್ಟ. "ಇದಲ್ಲ, ಷರತ್ತಿನ ಪುಸ್ತಕ ಕೊಡಿ" ಎಂದಳು. ಅವನು ಮ್ಯಾನೇಜರರನ್ನು ಕೇಳಲು ಒಳಗೆ ಹೋದ. ಅರ್ಧ ಗಂಟೆಯಾಯಿತು. ನಾವು ಕುಳಿತೇ ಇದ್ದೆವು.